ಛತ್ರಕ್ಕೆ ಒಯ್ದವನ ಹೊಣೆ: ವ್ಯಸನಿಗಳ ವಸತಿ ಚಿಕಿತ್ಸೆ ಮತ್ತು ನಮ್ಮ ಪಾಲನಾ ಸೇವೆ

"ಫಾದರ್, ಇವನ್ನ ಎಲ್ಲಿಗಾದ್ರೂ ಕಳಿಸಿಬಿಡ್ರಿ. ಮನ್ಯಾಗ ಇಟ್ಕೊಳ್ಳೂದು ಇನ್ನ ನಮ್ಮ ಕಡೆಯಿಂದ ಆಗೂದಿಲ್ಲ." ಹತ್ತು ವರ್ಷಗಳಿಗೂ ಹಿಂದೆ ಒಂದು ಮಳೆಗಾಲದ ಸಂಜೆ, ಮಳಗಿಯ ಆಸುಪಾಸಿನ ಹಳ್ಳಿಯ ತಾಯಿಯೊಬ್ಬರು ಗುರುನಿವಾಸದ ಮೆಟ್ಟಿಲ ಮೇಲೆ ಕುಳಿತು ಹೇಳಿದ ಮಾತಿದು. ಮುಂಡಗೋಡ ತಾಲ್ಲೂಕಿನ ಈ ಸೀಮೆ ಅರ್ಧ ಮಲೆನಾಡು, ಅರ್ಧ ಬಯಲು. ಧರ್ಮಾ ಜಲಾಶಯದ ನೀರು ಇಲ್ಲಿಂದಲೇ ಹಾನಗಲ್ ಕಡೆಯ ಗದ್ದೆಗಳಿಗೆ ಹರಿಯುತ್ತದೆ. ಭತ್ತ, ಗೋವಿನಜೋಳ ಮುಗಿದ ಮೇಲೆ ಕೆಲಸವಿಲ್ಲದ ಯುವಕರು ಗೋವಾಕ್ಕೋ ಹುಬ್ಬಳ್ಳಿಗೋ ದುಡಿಯಲು ಹೋಗುತ್ತಾರೆ. ಆ ತಾಯಿಯ ಮಗನೂ ಹಾಗೆ ಹೋದವನೇ. ಮರಳಿದಾಗ ಗಾಂಜಾ ಮತ್ತು ನೋವಿನ ಮಾತ್ರೆಗಳ ದಾಸನಾಗಿದ್ದ. ಮಾತ್ರೆ ಸಿಗದ ದಿನ ಮದ್ಯ. ಮನೆಯ ತಾಮ್ರದ ಹಂಡೆಯೂ ಮಾರಾಟವಾಗಿತ್ತು.

ನಾವು ಕಳಿಸಿಬಿಟ್ಟೆವು. ಪರಿಚಿತರೊಬ್ಬರು ಕೊಟ್ಟ ದೂರವಾಣಿ ಸಂಖ್ಯೆಗೆ ಕರೆ ಮಾಡಿದೆವು. ಎರಡು ದಿನಗಳ ನಂತರ ರಾತ್ರಿ ಒಂದು ಜೀಪು ಬಂದಿತು. ನಾಲ್ವರು ಇಳಿದು, ಮಲಗಿದ್ದ ಹುಡುಗನನ್ನು ಎತ್ತಿಕೊಂಡು ಹೋದರು. ಮೂರು ತಿಂಗಳ ಹಣವನ್ನು ಧರ್ಮಕೇಂದ್ರದ ನಿಧಿಯಿಂದ ಸ್ವಲ್ಪ, ತಾಯಿಯ ಬಂಗಾರದಿಂದ ಸ್ವಲ್ಪ ಹೊಂದಿಸಿದೆವು. ಒಮ್ಮೆಯೂ ನಾವು ಹೋಗಿ ನೋಡಲಿಲ್ಲ. ಹಬ್ಬದ ಕೆಲಸ, ಕಟ್ಟಡದ ಕೆಲಸ, ಕಾರಣಗಳಿಗೇನು ಕೊರತೆ? ಹುಡುಗ ಮರಳಿದಾಗ ತಲೆ ಬೋಳಿಸಲಾಗಿತ್ತು, ಮಣಿಕಟ್ಟಿನ ಸುತ್ತ ಗಾಯದ ಕಲೆಯಿತ್ತು. ಒಂದು ವಾರದೊಳಗೆ ಮತ್ತೆ ಮಾತ್ರೆ ನುಂಗಿದ. ಅದಕ್ಕಿಂತ ಮಿಗಿಲಾಗಿ, ಅಂದಿನಿಂದ ದೇವಾಲಯದ ಅಂಗಳಕ್ಕೆ ಕಾಲಿಡಲಿಲ್ಲ. ಜೀಪು ಕರೆಸಿದವರು ಯಾರೆಂದು ಅವನಿಗೆ ಗೊತ್ತಿತ್ತು.

ಈ ಲೇಖನವನ್ನು ಬರೆಯಲು ಆ ತಪ್ಪೇ ಕಾರಣ. ನಮ್ಮ ಗುರುಮಠಗಳಲ್ಲಿ ನೈತಿಕ ದೈವಶಾಸ್ತ್ರವನ್ನು ಬೋಧಿಸುವಾಗ ವ್ಯಸನವನ್ನು ಮಿತಸಂಯಮವೆಂಬ ಸದ್ಗುಣದ ಅಧ್ಯಾಯದಲ್ಲಿ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತೇವೆ. ಆದರೆ ಧರ್ಮಕೇಂದ್ರಕ್ಕೆ ಹೋದ ಹೊಸ ಗುರುವಿಗೆ ಮೊದಲ ವರ್ಷದಲ್ಲೇ ಎದುರಾಗುವ ಕೇಳಿಕೆ ಇದು: ಎಲ್ಲಿಗೆ ಕಳಿಸಬೇಕು? ಕಳಿಸುವುದು ಎಂದರೇನು ಎಂಬುದನ್ನು ಮೊದಲು ವಿಚಾರಿಸಬೇಕೆಂಬುದು ನಮ್ಮ ವಾದ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಸಮಾರ್ಯದವನನ್ನು ನಾವು ಸಾಮಾನ್ಯವಾಗಿ ದಾರಿಯಲ್ಲೇ ಬಿಟ್ಟುಬಿಡುತ್ತೇವೆ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ ದೃಶ್ಯಕ್ಕೆ ಪ್ರಬೋಧನೆ ಮುಗಿಯುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅವನು ಗಾಯಾಳುವನ್ನು ತನ್ನ ವಾಹನದ ಮೇಲೇರಿಸಿ ಛತ್ರಕ್ಕೆ ಒಯ್ಯುತ್ತಾನೆ, ಆ ರಾತ್ರಿ ತಾನೂ ಅಲ್ಲೇ ಉಳಿದು ಆರೈಕೆ ಮಾಡುತ್ತಾನೆ, ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು ಕೊಡುತ್ತಾನೆ, ಹಿಂದಿರುಗಿ ಬರುವಾಗ ಉಳಿದುದನ್ನು ತೀರಿಸುವೆನೆಂದು ಮಾತು ಕೊಡುತ್ತಾನೆ. ವಸತಿ ಚಿಕಿತ್ಸೆಯ ದೈವಶಾಸ್ತ್ರವೆಲ್ಲ ಈ ಕೆಲವು ಕ್ರಿಯಾಪದಗಳಲ್ಲಿದೆ. ಛತ್ರವು ಯಾರ ಮನೆಯೂ ಅಲ್ಲ. ಒಂದು ಅವಧಿಗೆ ಇರುವ ಜಾಗ. ಒಯ್ದವನು ಮರಳಿ ಬರುವನೆಂಬ ಮಾತಿನಿಂದಲೇ ಅದು ಗಡೀಪಾರಿನ ಸ್ಥಳವಾಗದೆ ಛತ್ರವಾಗಿ ಉಳಿಯುತ್ತದೆ. ನಾವು ಬೆಳ್ಳಿ ನಾಣ್ಯ ಕೊಟ್ಟಿದ್ದೆವು, ಮರಳಿ ಬರುವ ಮಾತು ಕೊಟ್ಟಿರಲಿಲ್ಲ.

ವ್ಯಸನವು ಪಾಪವೋ ರೋಗವೋ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಎರಡರಲ್ಲಿ ಒಂದನ್ನು ಆರಿಸಲು ಧರ್ಮಸಭೆಯ ಬೋಧನೆ ನಮ್ಮನ್ನು ಒತ್ತಾಯಿಸುವುದಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು 2291ನೆಯ ಪರಿಚ್ಛೇದದಲ್ಲಿ ಚಿಕಿತ್ಸೆಯ ಕಾರಣವಿಲ್ಲದೆ ಮಾದಕ ದ್ರವ್ಯ ಸೇವಿಸುವುದನ್ನು ಗಂಭೀರ ಅಪರಾಧವೆನ್ನುತ್ತದೆ. ಅದೇ ಧರ್ಮೋಪದೇಶದ 1735ನೆಯ ಪರಿಚ್ಛೇದವು ಅಭ್ಯಾಸ, ಭಯ, ಒತ್ತಾಯ, ಮಿತಿಮೀರಿದ ಆಸಕ್ತಿ, ಮಾನಸಿಕ ಹಾಗೂ ಸಾಮಾಜಿಕ ಕಾರಣಗಳು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲವು, ಇಲ್ಲವಾಗಿಸಲೂಬಲ್ಲವು ಎನ್ನುತ್ತದೆ. ಕೃತ್ಯ ಗಂಭೀರವಾದುದು, ಕರ್ತೃವಿನ ಸ್ವಾತಂತ್ರ್ಯ ಮಾತ್ರ ಸೊರಗಿದೆ. ಸಂತ ಪೌಲನು ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ, ತಾನು ಬಯಸುವುದನ್ನು ಮಾಡದೆ ದ್ವೇಷಿಸುವುದನ್ನೇ ಮಾಡುವ ಮನುಷ್ಯನ ಸಂಕಟವನ್ನು ಹೇಳುವಾಗ ಈ ಸೊರಗಿದ ಸ್ವಾತಂತ್ರ್ಯವೇ ಕಾಣುತ್ತದೆ. ಸಂತ ಅಗಸ್ಟಿನರು ತಮ್ಮ ನಿವೇದನೆಗಳ ಎಂಟನೆಯ ಪುಸ್ತಕದಲ್ಲಿ ಅದರ ಕ್ರಮವನ್ನೇ ಗುರುತಿಸುತ್ತಾರೆ: ವಕ್ರವಾದ ಇಚ್ಛೆಯಿಂದ ಕಾಮನೆ, ಕಾಮನೆಗೆ ಮಣಿದಾಗ ಅಭ್ಯಾಸ, ಅಭ್ಯಾಸವನ್ನು ತಡೆಯದಿದ್ದಾಗ ಅನಿವಾರ್ಯತೆ, ಹೀಗೆ ಕೊಂಡಿಗೆ ಕೊಂಡಿ ಸೇರಿದ ಸರಪಳಿ. ಅವರ ತಾಯಿ ಸಂತ ಮೋನಿಕಾ ಬಾಲ್ಯದಲ್ಲಿ ಪೀಪಾಯಿಯಿಂದ ದ್ರಾಕ್ಷಾರಸ ತೆಗೆಯಲು ಹೋಗಿ ಹನಿಹನಿಯಾಗಿ ಕುಡಿಯುವ ಚಟ ಹತ್ತಿಸಿಕೊಂಡಿದ್ದ ಸಂಗತಿಯನ್ನು ಒಂಬತ್ತನೆಯ ಪುಸ್ತಕ ಮುಚ್ಚಿಡುವುದಿಲ್ಲ. ಪುಣ್ಯವಂತರ ಮನೆಯಲ್ಲಿ ಇಂಥದು ಸಂಭವಿಸದು ಎನ್ನುವವರಿಗೆ ಈ ಪುಟವನ್ನು ತೋರಿಸಬೇಕು.

ಆದ್ದರಿಂದ ಪ್ರತಿ ವಾರ ಅದೇ ಪಾಪವನ್ನು ನಿವೇದಿಸುವ ವ್ಯಸನಿಗೆ ಕ್ಷಮಾಪಣೆಯನ್ನು ನಿರಾಕರಿಸಲು ನಮಗೆ ಆಧಾರವಿಲ್ಲ. ಮತ್ತೆ ಬೀಳಬಹುದೆಂಬ ಅಂಜಿಕೆ ದೃಢಸಂಕಲ್ಪದ ಕೊರತೆಯೆಂದು ಅರ್ಥವಲ್ಲ. ಹಾಗೆಂದು ವರಪ್ರಸಾದವು ವೈದ್ಯನ ಕೆಲಸವನ್ನು ತಾನೇ ಮಾಡಿಬಿಡುವುದೆಂದು ನಂಬಿಸುವುದೂ ಸಲ್ಲದು. ವರಪ್ರಸಾದವು ಮಾನವ ಸ್ವಭಾವವನ್ನು ಅಳಿಸದೆ ಪರಿಪೂರ್ಣಗೊಳಿಸುತ್ತದೆ ಎಂಬ ಸಂತ ಥಾಮಸರ ಮಾತನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಸ್ವಭಾವದಲ್ಲಿ ಯಕೃತ್ತೂ ನರವ್ಯೂಹವೂ ಸೇರಿವೆ ಎಂಬುದನ್ನು ಮರೆಯುತ್ತೇವೆ.

ಇಲ್ಲಿ ವೈದ್ಯಕೀಯ ವಿಷಯವೊಂದನ್ನು ಪ್ರತಿಯೊಬ್ಬ ಗುರುವೂ ತಿಳಿದಿರಬೇಕು. ದೀರ್ಘಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಒಂದೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಉಂಟು. ವೈದ್ಯರಿಲ್ಲದ ಪ್ರಾರ್ಥನಾಕೇಂದ್ರದ ಕೋಣೆಯಲ್ಲಿ ಇಂಥವನನ್ನು ಕೂಡಿಹಾಕಿ, ಅವನ ಕೂಗಾಟವನ್ನು ದೆವ್ವದ ಕೆಲಸವೆಂದು ಬಗೆದು ಕೈಚಾಚಿ ಪ್ರಾರ್ಥಿಸುತ್ತಾ ಕುಳಿತರೆ ನಾವು ಪ್ರಾಣಹಾನಿಗೆ ಹೊಣೆಯಾಗುತ್ತೇವೆ. ಅಫೀಮು ವರ್ಗದ ಮಾತ್ರೆ, ಹೆರಾಯಿನ್ ಬಿಟ್ಟಾಗಿನ ಬಾಧೆ ಬೇರೆ ಬಗೆಯದು: ಆಕಳಿಕೆ, ಮೂಗು-ಕಣ್ಣುಗಳಲ್ಲಿ ನೀರು, ಭೇದಿ, ಮೈಯೆಲ್ಲ ಮುರಿದಂಥ ನೋವು. ಅದು ಭಯಂಕರವಾದರೂ ಅದರಿಂದಲೇ ಪ್ರಾಣ ಹೋಗುವುದು ವಿರಳ. ಅಲ್ಲಿ ಅಪಾಯವಿರುವುದು ಬಿಟ್ಟ ನಂತರ. ಕೆಲವು ವಾರ ದೂರವಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಕೇಂದ್ರದಿಂದ ಹೊರಬಂದವನು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡುಗಡೆಯ ದಿನದಿಂದ ಆಚೆಗಿನ ವಾರಗಳೇ ಅತ್ಯಂತ ಅಪಾಯದ ವಾರಗಳು. ನಾವು ಮಾತ್ರ ಆ ದಿನ ಸ್ತೋತ್ರದ ಬಲಿಪೂಜೆ ಅರ್ಪಿಸಿ ನಿಶ್ಚಿಂತರಾಗುತ್ತೇವೆ.

ಚಿಕಿತ್ಸೆಯ ಅಗತ್ಯವುಳ್ಳವರ ಸಂಖ್ಯೆ ಸಣ್ಣದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ, 3.1 ಕೋಟಿ ಜನ ಗಾಂಜಾ-ಭಂಗಿ, 2.26 ಕೋಟಿ ಜನ ಅಫೀಮು ವರ್ಗದ ಪದಾರ್ಥಗಳನ್ನು ಬಳಸುತ್ತಾರೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ದೊರೆತಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಈ ಕಂದರದಲ್ಲೇ ಜೀಪಿನವರ ವ್ಯಾಪಾರ ನಡೆಯುವುದು.

ಛತ್ರದ ಚರಿತ್ರೆಯಲ್ಲಿ ನಮ್ಮವರ ಪಾಲೂ ಇದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರ ಭೇಟಿಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಆ ಕಾಲದಲ್ಲಿ ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳುತ್ತಿರಲಿಲ್ಲ. 1939ರ ಆಗಸ್ಟಿನಲ್ಲಿ ಅಲ್ಲಿಯ ಸಂತ ಥಾಮಸ್ ಆಸ್ಪತ್ರೆಯ ದಾಖಲಾತಿ ವಿಭಾಗದಲ್ಲಿದ್ದ ಸಿಸ್ಟರ್ ಇಗ್ನೇಷಿಯಾ, ಡಾಕ್ಟರ್ ಬಾಬ್ ಕರೆತಂದ ರೋಗಿಯನ್ನು ಜಠರದ ಉರಿಯೂತವೆಂದು ಬರೆದುಕೊಂಡು ಸೇರಿಸಿಕೊಂಡರು. ಮಂಚಕ್ಕೆ ಜಾಗ ಸಿಕ್ಕಿದ್ದು ರೋಗಿಗಳ ಹೂಗಳನ್ನು ಜೋಡಿಸುವ ಕೋಣೆಯಲ್ಲಿ. ಮುಂದೆ ಸಾವಿರಾರು ಮಂದಿ ಆ ವಾರ್ಡಿನಲ್ಲಿ ಕೆಲವೇ ದಿನ ತಂಗಿ ಹೋದರು. ಹೊರಡುವಾಗ ಆ ಕನ್ಯಾಸ್ತ್ರೀ ಪ್ರತಿಯೊಬ್ಬನ ಕೈಗೂ ಯೇಸುವಿನ ಪವಿತ್ರ ಹೃದಯದ ಪದಕವೊಂದನ್ನು ಕೊಡುತ್ತಿದ್ದರು. ಷರತ್ತು ಒಂದೇ: ಮತ್ತೆ ಕುಡಿಯಬೇಕೆನಿಸಿದರೆ, ಮೊದಲ ಲೋಟಕ್ಕೆ ಮುನ್ನ, ಪದಕವನ್ನು ಅವರಿಗೆ ಮರಳಿಸಬೇಕು. ಅದರಲ್ಲಿ ಶಾಪವಿಲ್ಲ, ಆಣೆಯಿಲ್ಲ. ಕುಡಿಯುವ ಮುನ್ನ ಒಬ್ಬರ ಮುಖ ನೋಡಬೇಕು, ಅಷ್ಟೇ. ನಮ್ಮ ದೇಶದಲ್ಲಿ ಮುಂಬಯಿಯ ಫಾದರ್ ಜೋ ಪಿರೇರಾ 1981ರಲ್ಲಿ ಕೃಪಾ ಫೌಂಡೇಶನ್ ಆರಂಭಿಸಿದರು. ಸ್ವತಃ ಕುಡಿತದ ಹಿಡಿತದಿಂದ ಪಾರಾಗಿ ಬಂದುದನ್ನು ಅವರು ಎಂದೂ ಬಚ್ಚಿಡಲಿಲ್ಲ. ಹನ್ನೆರಡು ಮೆಟ್ಟಿಲುಗಳ ಮಾರ್ಗದೊಂದಿಗೆ ಬಿ. ಕೆ. ಎಸ್. ಅಯ್ಯಂಗಾರರ ಯೋಗವನ್ನು ಜೋಡಿಸಿದರು.

ಇದೇ ಚರಿತ್ರೆಯ ಕತ್ತಲ ಮುಖವನ್ನೂ ಹೇಳಬೇಕು. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಸಿನನಾನ್ ಎಂಬ ವಸತಿ ಸಮುದಾಯವನ್ನು ಮೊದಲು ಜಗತ್ತೇ ಕೊಂಡಾಡಿತು. ಅಲ್ಲಿ ಒಬ್ಬನನ್ನು ನಡುವೆ ಕೂರಿಸಿ ಎಲ್ಲರೂ ಬಯ್ಯುವುದು ಚಿಕಿತ್ಸೆಯೆನಿಸಿತ್ತು, ತಲೆ ಬೋಳಿಸುವುದು ಶಿಸ್ತೆನಿಸಿತ್ತು. ಕೊನೆಗೆ ಅದು ನಾಯಕನ ಆರಾಧನೆಗೂ ಹಿಂಸೆಗೂ ಇಳಿದು ನಾಶವಾಯಿತು. ಅದರ ಹೆಸರು ಕೇಳದ ಅನೇಕ ಕೇಂದ್ರಗಳು ಅದರ ಪದ್ಧತಿಯನ್ನು ಇಂದಿಗೂ ಪಾಲಿಸುತ್ತಿವೆ. ಮನುಷ್ಯನನ್ನು ಮೊದಲು ಮುರಿಯಬೇಕು, ಆಮೇಲೆ ಕಟ್ಟಬಹುದು ಎಂಬ ಈ ನಂಬಿಕೆಗೆ ಕ್ರೈಸ್ತ ವೇಷ ತೊಡಿಸುವುದೂ ಸುಲಭ. ದೀನತೆ ಎಂಬ ಪದ ನಮ್ಮ ಕೈಯಲ್ಲಿ ಸದಾ ಸಿದ್ಧವಾಗಿರುತ್ತದೆ. ಸಂತ ಮಾರ್ಕನ ಐದನೆಯ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ವಾಸಿಸುತ್ತಿದ್ದ ಮನುಷ್ಯನಿಗೆ ಊರವರು ಪದೇ ಪದೇ ಸರಪಳಿ ಬಿಗಿದಿದ್ದರು. ಅವು ತುಂಡಾದವೇ ಹೊರತು ಅವನು ಗುಣವಾಗಲಿಲ್ಲ. ಯೇಸುಸ್ವಾಮಿ ಅವನ ಹೆಸರನ್ನು ಕೇಳುತ್ತಾರೆ. ಗುಣವಾದ ಮೇಲೆ ಅವನು ಪ್ರಭುವಿನ ಜೊತೆಯಲ್ಲೇ ಇರಲು ಬೇಡಿಕೊಂಡರೂ ಒಪ್ಪದೆ ಅವನ ಸ್ವಂತ ಮನೆಗೆ, ಸ್ವಂತ ಜನರ ಬಳಿಗೆ ಕಳುಹಿಸುತ್ತಾರೆ. ಈ ಭಾಗವನ್ನು ಧ್ಯಾನಿಸುವಾಗ ಸರಪಳಿ ಬಿಗಿದವರ ಸಾಲಿನಲ್ಲಿ ನಾವೂ ಇದ್ದೇವೆಯೇ ಎಂದು ನೋಡಿಕೊಳ್ಳುವುದು ಒಳಿತು.

ದೇಶದ ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ ಎಂದು ಸಂಕೋಚದಿಂದಲೇ ಒಪ್ಪಬೇಕಾಗಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಮದ್ಯ ಹಾಗೂ ಮಾದಕ ದ್ರವ್ಯಗಳ ದುರ್ಬಳಕೆಯಿಂದ ಉಂಟಾದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅಂಥವರನ್ನು ಚಿಕಿತ್ಸೆಗಾಗಿ ಇರಿಸಿಕೊಳ್ಳುವ ಕೇಂದ್ರ ನೋಂದಣಿಯಾಗಿರಬೇಕು. ಸರಪಳಿಯಲ್ಲಿ ಕಟ್ಟುವುದು ಯಾವ ರೂಪದಲ್ಲೂ ನಿಷಿದ್ಧ. ಒತ್ತಾಯದ ಮುಂಡನ ಕೂಡದು, ಸಮವಸ್ತ್ರ ಹೇರಕೂಡದು, ಒತ್ತಾಯದ ದುಡಿಮೆ ಕೂಡದು. ದುಡಿದರೆ ತಕ್ಕ ಸಂಭಾವನೆ ಕೊಡಬೇಕು. ದೂರವಾಣಿಯಲ್ಲಿ ಮಾತನಾಡುವ, ಭೇಟಿಗೆ ಬಂದವರನ್ನು ಕಾಣುವ ಹಕ್ಕು ರೋಗಿಗಿದೆ. ರೋಗಿಯ ಇಚ್ಛೆಯಿಲ್ಲದೆ ಸೇರಿಸಬೇಕಾದ ಸಂದರ್ಭದಲ್ಲಿ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನಗಳನ್ನು ಮೀರಬಾರದು. ಮಧ್ಯರಾತ್ರಿಯ ಜೀಪಿಗೆ ಇದರಲ್ಲಿ ಎಲ್ಲೂ ಸ್ಥಳವಿಲ್ಲ. 'ಪ್ರಾರ್ಥನೆ ಮತ್ತು ದುಡಿಮೆ' ಎಂಬ ಫಲಕ ಹಾಕಿಕೊಂಡ ನಮ್ಮ ಕೇಂದ್ರಗಳೂ ಈ ಕಾಯ್ದೆಯನ್ನು ಓದಬೇಕು. ಪ್ರಾರ್ಥನೆಯನ್ನು ಹೇರುವುದಂತೂ ಧಾರ್ಮಿಕ ಸ್ವಾತಂತ್ರ್ಯ ಕುರಿತ ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ಘೋಷಣೆಗೇ ವಿರುದ್ಧ.

ಪೊಲೀಸರ ಭಯದಿಂದ ಚಿಕಿತ್ಸೆಗೆ ಬಾರದ ಕುಟುಂಬಗಳಿಗೆ ಇನ್ನೊಂದು ಮಾತು ತಿಳಿಸಬೇಕು. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಮಾದಕ ದ್ರವ್ಯ ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧ ಹೊರಿಸಲ್ಪಟ್ಟ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಳಗಾದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅದು ಷರತ್ತು. ಮಳಗಿಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಸಂಸ್ಥೆಯೆಂದರೆ ಧಾರವಾಡದ ಡಿಮ್ಹಾನ್ಸ್. ಮುಂಡಗೋಡ, ತಡಸ, ಹುಬ್ಬಳ್ಳಿ ದಾಟಿ ಬಸ್ಸಿನಲ್ಲೇ ಹೋಗಬಹುದು. ಸಹಾಯವಾಣಿ 14446ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಇನ್ನು ಆತ್ಮಪಾಲನೆಯ ಎರಡು ಸೂಕ್ಷ್ಮಗಳು. ಮೊದಲನೆಯದು ಆಣೆಯ ವಿಷಯ. ಶಿಲುಬೆಯ ಮೇಲೆ ಕೈಯಿಡಿಸಿ ಜೀವನಪರ್ಯಂತ ಮುಟ್ಟೆನೆಂದು ಪ್ರಮಾಣ ಮಾಡಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಮಾಡಿಸುವವರು ಹೆಚ್ಚಾಗಿ ನಾವೇ. ಧರ್ಮಸಭೆಯ ಕಾನೂನು ಸಂಹಿತೆಯ 1191ನೆಯ ನಿಯಮದಂತೆ ಹರಕೆಯು ಸಾಧ್ಯವಾದ ಒಳಿತನ್ನು ಕುರಿತು ವಿವೇಚನೆಯಿಂದ, ಸ್ವತಂತ್ರವಾಗಿ ದೇವರಿಗೆ ಕೊಟ್ಟ ಮಾತು. ಅನ್ಯಾಯವಾದ ತೀವ್ರ ಭಯದಿಂದ ಮಾಡಿದ್ದು ಅಸಿಂಧು. ಹೆಂಡತಿ-ಮಕ್ಕಳ ಅಳುವಿನ ನಡುವೆ, ಅಮಲಿನ್ನೂ ಇಳಿಯದವನ ಕೈಹಿಡಿದು ಶಿಲುಬೆಯ ಮೇಲಿಟ್ಟರೆ ಅದರಲ್ಲಿ ಸ್ವಾತಂತ್ರ್ಯವೆಷ್ಟು? ಆಣೆ ಮುರಿದ ಮೇಲೆ ಅವನು ಮದ್ಯವನ್ನು ಬಿಡುವುದಿಲ್ಲ, ದೇವಾಲಯವನ್ನು ಬಿಡುತ್ತಾನೆ. ಡಬ್ಲಿನ್ನಿನ ಕೂಲಿಕಾರ, ಪೂಜ್ಯ ಮ್ಯಾಟ್ ಟಾಲ್ಬಟ್ 1884ರಲ್ಲಿ ಗುರುವಿನ ಮುಂದೆ ಮೊದಲು ಮಾಡಿದ ಪ್ರತಿಜ್ಞೆ ಮೂರೇ ತಿಂಗಳಿನದು. ಅದು ಮುಗಿದ ಮೇಲೆ ವಿಸ್ತರಿಸುತ್ತಾ ಹೋದ. 1925ರಲ್ಲಿ ಸಾಯುವವರೆಗೂ ಕುಡಿಯಲಿಲ್ಲ.

ಎರಡನೆಯದು, ಕೇಂದ್ರ ನಡೆಸುವ ಗುರು ಮತ್ತು ಪಾಪನಿವೇದನೆ. ಗುರುಮಠದ ರೆಕ್ಟರರು ಅದೇ ಮನೆಯಲ್ಲಿ ವಾಸಿಸುವ ತಮ್ಮ ವಿದ್ಯಾರ್ಥಿಗಳ ಪಾಪನಿವೇದನೆಯನ್ನು, ಅವರೇ ಆಯಾ ಸಂದರ್ಭದಲ್ಲಿ ತಾವಾಗಿ ಕೇಳಿಕೊಂಡ ಹೊರತು, ಆಲಿಸಬಾರದೆಂದು 985ನೆಯ ನಿಯಮ ಹೇಳುವುದು ನಿಮಗೆ ತಿಳಿದಿದೆ. ಬೀಗದ ಕೈ ಯಾರಲ್ಲಿದೆಯೋ ಅವರ ಮುಂದೆ ಆತ್ಮ ಮುಕ್ತವಾಗಿ ತೆರೆದುಕೊಳ್ಳದು. ವ್ಯಸನಮುಕ್ತಿ ಕೇಂದ್ರವನ್ನು ಆ ನಿಯಮ ಹೆಸರಿಸದಿದ್ದರೂ ಅದರ ವಿವೇಕ ಅಲ್ಲಿಗೆ ಇಮ್ಮಡಿಯಾಗಿ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಹೊರಗಿನಿಂದ ಬೇರೆ ಗುರು ಬರಲಿ. ಗುಂಪಿನಲ್ಲಿ ಕುಳಿತು ಹೇಳಿಕೊಳ್ಳುವ ಮಾತುಗಳಿಗೆ ಸಂಸ್ಕಾರದ ಮುದ್ರೆ ಇಲ್ಲವೆಂಬುದನ್ನೂ ನಿವಾಸಿಗಳಿಗೆ ಮೊದಲೇ ತಿಳಿಸಬೇಕು. ಕೇಂದ್ರಕ್ಕೆ ಸೇರುವುದನ್ನೇ ಪ್ರಾಯಶ್ಚಿತ್ತವಾಗಿ ವಿಧಿಸುವುದನ್ನು ನಾವು ಒಪ್ಪುವುದಿಲ್ಲ, ಚಿಕಿತ್ಸೆ ಶಿಕ್ಷೆಯಲ್ಲ.

ಮರಳಿ ಬಂದವನ ವಿಷಯದಲ್ಲಿ ನಾವು ಕಲಿಯಬೇಕಾದ ಪಾಠ ನೆರೆಯಲ್ಲೇ ಇದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆ ರಾಜ್ಯದ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಶಿಬಿರ ನಡೆಯುವುದು ಆಯಾ ಊರಿನ ಸಭಾಭವನದಲ್ಲಿ, ನಡೆಸುವವರು ಆಯಾ ಊರಿನವರು. ಮುಗಿದ ಮೇಲೆ ಶಿಬಿರಾರ್ಥಿಗಳು 'ನವಜೀವನ ಸಮಿತಿ' ಕಟ್ಟಿಕೊಂಡು ಸಭೆ ಸೇರುತ್ತಿರುತ್ತಾರೆ. ಎಂಟು ದಿನ ಸಾಲದ, ಆಸ್ಪತ್ರೆಯೇ ಬೇಕಾದ ರೋಗಿಗಳೂ ಇದ್ದಾರೆ, ನಿಜ. ಆದರೆ ಬಿಟ್ಟವನನ್ನು ಅವನ ಊರೇ ಎತ್ತಿಕೊಳ್ಳಬೇಕೆಂಬ ತಿಳಿವಳಿಕೆಯನ್ನು ಅನ್ಯಧರ್ಮೀಯರಿಂದ ಕಲಿಯಲು ನಮಗೆ ನಾಚಿಕೆ ಬೇಡ. ಧರ್ಮಕೇಂದ್ರದ ಧರ್ಮೋಪದೇಶ ಕೊಠಡಿ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಒಂದು ಸಂಜೆ ಅದರ ಬೀಗ ತೆಗೆದರೆ ಸಾಕು.

ಬಲಿಪೂಜೆಯಲ್ಲೂ ಎಚ್ಚರ ಬೇಕು. ಹಬ್ಬದ ದಿನ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವಾಗ ಬಿಟ್ಟವನೊಬ್ಬ ಸಾಲಿನಲ್ಲಿದ್ದಾನೆಂದು ನೆನಪಿರಲಿ. ಒಂದೇ ರೂಪದಲ್ಲಿ ಕ್ರಿಸ್ತರು ಪೂರ್ಣವಾಗಿ ಇದ್ದಾರೆಂಬುದು ನಮ್ಮ ವಿಶ್ವಾಸ. ಅವನಿಗೆ ರೊಟ್ಟಿಯನ್ನಷ್ಟೇ ಕೊಡಬೇಕು, ಯಾರ ಗಮನಕ್ಕೂ ಬಾರದಂತೆ. ಮದ್ಯವ್ಯಸನದ ಗುರುಗಳಿಗಾಗಿ, ಹುದುಗುವಿಕೆಯನ್ನು ತಡೆದ ತಾಜಾ ದ್ರಾಕ್ಷಿರಸವನ್ನು ಬಳಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು ವಿಶ್ವಾಸ ಬೋಧನಾ ಪರಿಷತ್ತು 2003ರ ಜುಲೈ ತಿಂಗಳ ಪತ್ರದಲ್ಲಿ ಸ್ಪಷ್ಟಪಡಿಸಿದೆ. ಈ ಅವಕಾಶ ಇದೆಯೆಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದು, ತಿಳಿದವರು ಕೇಳಲು ಅಂಜುತ್ತಾರೆ. ಗುರುನಿವಾಸದ ಬಾಗಿಲ ಒಳಗೂ ಈ ಗಾಯವಿದೆ. ಗುರು ಅಭ್ಯರ್ಥಿಗಳೇ, ನಿಮ್ಮ ನಡುವೆ ಯಾರಾದರೂ ರಾತ್ರಿ ಒಬ್ಬರೇ ಕುಡಿಯಲು ಆರಂಭಿಸಿದ್ದರೆ, ಹೇಳಲು ಒಬ್ಬರನ್ನು ಇಂದೇ ಹುಡುಕಿಕೊಳ್ಳಿ.

ಆ ಹುಡುಗನ ತಂದೆ ತೀರಿಕೊಂಡಾಗ ಸ್ಮಶಾನದಲ್ಲಿ ಮತ್ತೆ ಅವನನ್ನು ಕಂಡೆವು. ಶವಸಂಸ್ಕಾರ ಮುಗಿದ ಮೇಲೆ ಕ್ಷಮೆ ಕೇಳಿದೆವು. ಅವನು ಏನೂ ಹೇಳಲಿಲ್ಲ. ಎಂಟು ತಿಂಗಳ ನಂತರ ತಾನೇ ಬಂದು, ಧಾರವಾಡಕ್ಕೆ ಹೋಗಬೇಕು, ಜೊತೆಗೆ ಬರುತ್ತೀರಾ ಎಂದ. ಬೆಳಗಿನ ಮೊದಲ ಬಸ್ಸಿಗೆ ಹೋದೆವು. ದಾಖಲಾತಿಯ ಕಾಗದಗಳಿಗೆ ಅವನೇ ಸಹಿ ಹಾಕಿದ. ಈ ಬಾರಿ ಪ್ರತಿ ವಾರ ಹೋಗಿ ಕಂಡೆವು, ಬಿಡುಗಡೆಯ ದಿನ ಕರೆತರಲು ತಾಯಿಯೂ ನಾವೂ ಹೋದೆವು. ಆಮೇಲೂ ಎರಡು ಸಲ ಎಡವಿದ. ಎರಡು ಸಲವೂ ಮರುದಿನವೇ ಫೋನು ಮಾಡಿದ. ಈಗ ಊರಲ್ಲೇ ಗಾರೆ ಕೆಲಸ ಮಾಡುತ್ತಾನೆ, ಭಾನುವಾರ ಕಡೆಯ ಬೆಂಚಿನಲ್ಲಿ ಕುಳಿತಿರುತ್ತಾನೆ. ಪಾಪನಿವೇದನೆಗೆ ಮಾತ್ರ ನಮ್ಮ ಬಳಿ ಬರುವುದಿಲ್ಲ, ನೆರೆಯ ಧರ್ಮಕೇಂದ್ರದ ಗುರುಗಳ ಬಳಿಗೆ ಹೋಗುತ್ತಾನೆ. ಅವರ ದೂರವಾಣಿ ಸಂಖ್ಯೆಯನ್ನು ಅವನಿಗೆ ಕೊಟ್ಟವರು ನಾವೇ.